ಒಳಗೆ ಹೋದ ಗಾಳಿ ಎಲ್ಲೆಲ್ಲಿ ಸುತ್ತಿತು?

ಮಕ್ಕಳೇ, ನಿಮ್ಮೂರು ಮುಳ್ಳೇರಿಯದ ಹಂಚಿನ ಮನೆಗಳಲ್ಲಿ ಬೆಳಗಿನ ಹೊತ್ತು ಮಾಡಿನ ಸಂದಿಯಿಂದ ಬಿಸಿಲುಕೋಲು ಇಳಿಯುತ್ತದಲ್ಲ, ಅದರಲ್ಲಿ ತೇಲುವ ದೂಳನ್ನು ಸ್ವಲ್ಪ ಹೊತ್ತು ನೋಡಿ. ಕೆಲವು ಕಣ ಬೇಗ ಕೆಳಗಿಳಿಯುತ್ತವೆ. ಕೆಲವು ಇಳಿಯುವುದೇ ಇಲ್ಲ. ಗಾಳಿ ಅಲುಗಿದತ್ತ ತಾವೂ ತಿರುಗುತ್ತವೆ. ಕಣ್ಣಿಗೆ ಕಾಣದ ಗಾಳಿಯ ನಡೆಯನ್ನು ಈ ಕಣಗಳು ಕಾಣಿಸಿಕೊಡುತ್ತವೆ. ಗಾಳಿಯಲ್ಲಿ ತೇಲುವ ಇಂಥ ಕಣ, ಹನಿಗಳನ್ನು ಏರೋಸಾಲ್ ಎನ್ನುತ್ತಾರೆ.

ನಮ್ಮ ಎದೆಯೊಳಗಿನ ಗಾಳಿಯನ್ನು ಅರಿಯಲೂ ಇದೇ ಉಪಾಯ. ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆದು ಕೋಟಿಗಟ್ಟಲೆ ಗಾಳಿಗೂಡುಗಳನ್ನು ಮುಟ್ಟುತ್ತದೆ. ದೊಡ್ಡವರು ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಉಸಿರು ಬಿಟ್ಟ ಮೇಲೂ ಎರಡು ಲೀಟರಿಗಿಂತ ಹೆಚ್ಚು ಹಳೆಯ ಗಾಳಿ ಒಳಗೇ ಉಳಿದಿರುತ್ತದೆ. ಹೊಸತು ಹಳೆಯದರೊಂದಿಗೆ ಎಷ್ಟು ಬೆರೆಯಿತು?

1959ರಲ್ಲಿ ನ್ಯೂಯಾರ್ಕ್‌ನ ಬರ್ನಾರ್ಡ್ ಆಲ್ಟ್‌ಶುಲರ್ ಮತ್ತು ಸಂಗಡಿಗರು ಇದನ್ನು ಏರೋಸಾಲ್‌ನಿಂದ ಅಳೆದರು. ಮುಂದೆ ಆ ವಿಧಾನ ಹೀಗೆ ಬೆಳೆಯಿತು: ಶುದ್ಧ ಗಾಳಿ ಎಳೆದುಕೊಳ್ಳುತ್ತಿರುವವರಿಗೆ ನಡುವೆ ಒಂದೇ ಗುಟುಕು ಕಣಗಳಿರುವ ಗಾಳಿ ಕೊಡುತ್ತಾರೆ. ಉಸಿರು ಬಿಡುವಾಗ ಬಾಯಿಯ ಬಳಿ ಬೆಳಕು ಹಾಯಿಸಿ, ಕಣಗಳು ಚೆದುರಿಸಿದ ಬೆಳಕನ್ನು ಅಳೆಯುತ್ತಾರೆ. ಒಳಗೆ ಗಾಳಿ ಬೆರೆಯದಿದ್ದರೆ ಆ ಗುಟುಕು ಹೋದ ಹಾಗೇ ಒಟ್ಟಾಗಿ ಮರಳಬೇಕಿತ್ತು. ಆದರೆ ಅದು ಹರಡಿಕೊಂಡು ಬರುತ್ತದೆ. ಎಷ್ಟು ಹರಡಿದೆ ಎಂಬುದರಿಂದ ಎಷ್ಟು ಬೆರೆಯಿತೆಂದು ಲೆಕ್ಕ ಹಾಕುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ ಅದು ಇನ್ನೂ ಹೆಚ್ಚು ಹರಡುತ್ತದೆ.

ಇದಕ್ಕೆ ಆರಿಸುವ ಕಣ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ದೊಡ್ಡ ಕಣ ಮೂಗು, ಗಂಟಲಲ್ಲೇ ಅಂಟಿಬಿಡುತ್ತದೆ. ತೀರ ಸಣ್ಣದು ತಾನೇ ಅತ್ತಿತ್ತ ಓಡಿ ಗೋಡೆಗೆ ತಾಗುತ್ತದೆ. ಈ ನಡುವಣ ಗಾತ್ರದ್ದೋ, ಒಂದು ಸೆಕೆಂಡಿನಲ್ಲಿ ಕೂದಲೆಳೆಯ ದಪ್ಪದಷ್ಟೂ ಇಳಿಯದು. ಆಮ್ಲಜನಕ ತಾನಾಗಿ ಬೇಗ ಹರಡುತ್ತದೆ. ಈ ಕಣ ಮಾತ್ರ ಹೆಚ್ಚಾಗಿ ಗಾಳಿ ಒಯ್ದಲ್ಲಿಗೇ ಹೋಗುತ್ತದೆ.

ಇದೇ ಗುಣದ ಕೆಡುಕನ್ನೂ ನಿಮ್ಮೂರು ಉಂಡಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ಸಣ್ಣ ಹನಿಗಳು ಗೇರುಮರದಲ್ಲೇ ನಿಲ್ಲಲಿಲ್ಲ. ಗಾಳಿಯೊಂದಿಗೆ ಮನೆ, ಬಾವಿ, ತೋಡುಗಳತ್ತ ಸಾಗಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ತಡೆಯಿತು.

ಗಾಳಿಗೆ ಬಿಟ್ಟ ಸಣ್ಣ ಕಣ ಗಾಳಿ ಹೋದಲ್ಲಿಗೆಲ್ಲ ಹೋಗುತ್ತದೆ, ಎದೆಯೊಳಗೂ ಹೋಗುತ್ತದೆ. ಹಾಗಾಗಿ ಅಡಿಕೆಗೆ ಮದ್ದು ಬಿಡುವಾಗ ತೋಟದತ್ತ ಸುಳಿಯಬೇಡಿ. ಪ್ಲಾಸ್ಟಿಕ್ ಸುಡಬೇಡಿ, ಸುಡುವವರನ್ನು ಕಂಡರೆ ಬೇಡವೆನ್ನಿ. ಏಕೆ ಎಂದು ಕೇಳಿದರೆ ಬಿಸಿಲುಕೋಲಿನ ದೂಳನ್ನು ತೋರಿಸಿ ವಿವರಿಸಿ. ಈಗ ನಿಮಗೆ ಗೊತ್ತಿದೆ.