ಸಮುದ್ರವಿಲ್ಲದ ದೇಶಗಳು ಮತ್ತು ನಮ್ಮ ಕಾಲುವೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತನಾಡು ಎಂದು ಹೇಳಿದ್ದರು. ಆದರೆ ಈ ಶಾಲೆಗೆ ಬಂದರೆ ನನಗೆ ನೆನಪಾಗುವುದು ಭೂಗೋಳದ ತರಗತಿ. ಒಮ್ಮೆ ನಮ್ಮ ಸರ್ ಏಷ್ಯಾದ ನಕಾಶೆ ತೂಗುಹಾಕಿ, "ಸಮುದ್ರವಿಲ್ಲದ ನಾಡು ತೋರಿಸು" ಎಂದರು. ನಾನು ಕೋಲನ್ನು ರಾಯಚೂರಿನ ಮೇಲೆ ಇಟ್ಟೆ. ತರಗತಿಯೆಲ್ಲ ನಕ್ಕಿತು. ಸರ್ ನಗಲಿಲ್ಲ. "ದೇಶ ಕೇಳಿದೆನಪ್ಪಾ, ಜಿಲ್ಲೆಯಲ್ಲ" ಎಂದು ಕೋಲನ್ನು ಮಧ್ಯ ಏಷ್ಯಾದತ್ತ ಸರಿಸಿದರು.

ಅಲ್ಲಿ ಐದು ದೇಶಗಳಿವೆ: ಕಜಕಸ್ತಾನ, ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬೇರೆಯಾದವು. ಯಾವುದಕ್ಕೂ ಸಾಗರದ ದಂಡೆಯಿಲ್ಲ. ಉಜ್ಬೇಕಿಸ್ತಾನದಿಂದ ಸಾಗರ ಮುಟ್ಟಲು ಕನಿಷ್ಠ ಎರಡು ದೇಶ ದಾಟಬೇಕು.

ಕೃಷ್ಣಾ, ತುಂಗಭದ್ರೆಯರ ನಡುವಿನ ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸೀಮೆಯಂತೆ ಅಲ್ಲಿಯೂ ಅಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳ ನಡುವೆ ದೊಡ್ಡ ಸೀಮೆಯಿದೆ. ನಮ್ಮ ನದಿ ಬಂಗಾಳ ಕೊಲ್ಲಿ ಸೇರುತ್ತದೆ. ಅಲ್ಲಿಯ ನದಿಗಳು ಸೇರುತ್ತಿದ್ದುದು ಅರಲ್ ಎಂಬ ಸರೋವರವನ್ನು. 1960ರ ಸುಮಾರಿಗೆ ಅದು ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಹತ್ತಿ ಬೆಳೆಯಲೆಂದು ಎರಡೂ ನದಿಗಳ ನೀರನ್ನು ಕಾಲುವೆಗೆ ತಿರುಗಿಸಿದರು. ಮೇಲೆ ಹತ್ತಿ ಬೆಳೆಯಿತು, ಕೆಳಗೆ ಅರಲ್ ಬತ್ತಿತು. ಮುಯ್ನಾಕ್ ಎಂಬ ಬಂದರಿನ ಹಡಗುಗಳು ಇಂದು ಮರಳಿನಲ್ಲಿ ನಿಂತಿವೆ. ಬತ್ತಿದ ತಳದ ಉಪ್ಪಿನ ಧೂಳು ಹೊಲಗಳ ಮೇಲೆ ಬೀಳುತ್ತಿದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ನಾವು ಭತ್ತ ಹಚ್ಚಿದೆವು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಹೊಲ ಸವಳು-ಜವಳಾದರೆ, ಕೊನೆಯಲ್ಲಿ ನೀರಿಲ್ಲದೆ ಬೀಳು. ನಮ್ಮಪ್ಪನ ಹೊಲ ಉಪಕಾಲುವೆಯ ಕೊನೆಯದು. ನನ್ನ ಬಿಇ ಫೀಸು ಕಟ್ಟಿದ್ದು ಆ ಹೊಲದ ಹತ್ತಿ. ಈಗ ಅದರಲ್ಲಿ ಎರಡು ಎಕರೆಗೆ ನೀರು ಹತ್ತುವುದೇ ಇಲ್ಲ.

ಕೆಟ್ಟದ್ದೆಲ್ಲ ಶಾಶ್ವತವಲ್ಲ. 2005ರಲ್ಲಿ ಕಜಕಸ್ತಾನ ಅರಲ್‌ನ ಉತ್ತರ ಭಾಗಕ್ಕೆ ಒಡ್ಡು ಕಟ್ಟಿತು. ಅಲ್ಲಿ ನೀರು ಏರಿತು, ಮೀನು ಮರಳಿತು, ಮೀನುಗಾರರೂ ಮರಳಿದರು.

ನಾವೂ ಮಾಡಬಹುದಾದದ್ದಿದೆ. ಮಕ್ಕಳೇ, ಮನೆಯ ಹೊಲದ ಮಣ್ಣು ಪರೀಕ್ಷೆ ಮಾಡಿಸಲು ಅಪ್ಪನಿಗೆ ಹೇಳಿ. ಹಿರಿಯರೇ, ಒಂದು ಹಂಗಾಮಿಗಾದರೂ ಒಂದೆರಡು ಎಕರೆಗೆ ಭತ್ತ ಬಿಟ್ಟು ಜೋಳ, ಕಡಲೆ ಬಿತ್ತುವ ಮಾತು ಆಡೋಣ. ಕಾಲುವೆಯ ಮೇಲಿನವರು, ಕೆಳಗಿನವರು ಎಂದು ನಾವು ಜಗಳಾಡುತ್ತೇವೆ. ಆದರೆ ಇಬ್ಬರ ಮಕ್ಕಳೂ ಐವತ್ತು ವರ್ಷಗಳಿಂದ ಈ ಶಾಲೆಯ ಒಂದೇ ಬೆಂಚಿನಲ್ಲಿ ಕೂತಿದ್ದಾರೆ.

ಅಂದು ನಗದೆ ಕೋಲು ಸರಿಸಿದ ಗುರುಗಳಿಗೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.