ಹಳೆಮನೆಯ ಮರದಿಂದ ದೀಪ: ಕಾರ್ಯಾನುಭವದ ತರಗತಿಯಲ್ಲಿ ಕನ್ನಡ

(ಕಾಸರಗೋಡು ಭಾಗದ ಕನ್ನಡ ಮಾಧ್ಯಮ ಅಧ್ಯಾಪಕರ ತರಬೇತಿಯಲ್ಲಿ ಮಾಡಿದ ಭಾಷಣ)



‘ಗುಣಮಟ್ಟ’ ಎಂಬ ಪದವನ್ನು ನಮ್ಮ ಏಳನೆಯ ತರಗತಿಯ ಮಗು ತಡವರಿಸದೆ ಓದುತ್ತದೆ. ಆದರೆ ಆ ಪದದೊಳಗಿನ ‘ಮಟ್ಟ’ವನ್ನು ಅದು ಕೈಯಲ್ಲಿ ಹಿಡಿದು ನೋಡಿರುವುದಿಲ್ಲ. ‘ಸ್ನೇಹದ ಬೆಸುಗೆ’ ಎಂದು ಪ್ರಬಂಧದಲ್ಲಿ ಬರೆಯುತ್ತದೆ. ಲೋಹ ಕರಗಿ ಎರಡು ತಂತಿಗಳು ಒಂದಾಗುವುದನ್ನು ಕಂಡಿರುವುದಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಮಲೆಯಾಳವನ್ನು ಆಡುತ್ತ, ಪೇಟೆಯಲ್ಲಿ ಮಲೆಯಾಳವನ್ನೇ ಕೇಳುತ್ತ ಬೆಳೆಯುವ ಮಗುವಿಗೆ ಗ್ರಾಂಥಿಕ ಕನ್ನಡವು ಬಹುಮಟ್ಟಿಗೆ ಪುಸ್ತಕದ ದಾರಿಯಿಂದಲೇ ಬರುತ್ತದೆ. ಹಾಗೆ ಬಂದ ಭಾಷೆಯಲ್ಲಿ ಪದದ ಲಾಕ್ಷಣಿಕ ಅರ್ಥ ಮೊದಲು ಸಿಗುತ್ತದೆ, ಮೂಲಾರ್ಥ ಹಲವೊಮ್ಮೆ ಸಿಗುವುದೇ ಇಲ್ಲ. ಈ ಕೊರತೆಯನ್ನು ವ್ಯಾಕರಣದ ಅಭ್ಯಾಸಗಳಿಂದ ತುಂಬಲಾಗದು. ಮರದ ಒಂದು ತುಂಡು ಮತ್ತು ಒಂದು ಉಳಿಯಿಂದ ಅದನ್ನು ಸ್ವಲ್ಪಮಟ್ಟಿಗೆ ತುಂಬಬಹುದೆಂಬುದು ನನ್ನ ಅಭಿಪ್ರಾಯ.

ಇದು ಹೊಸ ವಿಚಾರವೇನಲ್ಲ. 1937ರ ವಾರ್ಧಾ ಸಮ್ಮೇಳನವು ಶಿಕ್ಷಣವು ಮಾತೃಭಾಷೆಯಲ್ಲಿರಬೇಕೆಂದೂ ಕೈಕೆಲಸವನ್ನು ಕೇಂದ್ರವಾಗಿಟ್ಟುಕೊಳ್ಳಬೇಕೆಂದೂ ಒಟ್ಟಿಗೇ ನಿರ್ಣಯಿಸಿತ್ತು. ಮೊದಲನೆಯದಕ್ಕಾಗಿ ನಾವು ಇಂದಿಗೂ ಹೋರಾಡುತ್ತಿದ್ದೇವೆ. ಎರಡನೆಯದನ್ನು ವೃತ್ತಿ ಪರಿಚಯ ಮೇಳದ ಹಿಂದಿನ ವಾರಕ್ಕೆ ಮೀಸಲಾಗಿಟ್ಟಿದ್ದೇವೆ.

ಮರವನ್ನು ಕೊಳ್ಳಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ, ಈ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನ ಮಾಡುಗಳಾದವು. ಹಂಚಿನ ಭಾರವನ್ನು ಪಕ್ಕಾಸು, ರೀಪುಗಳು ಹೊತ್ತವು. ಈಗ ಅಂಥ ಮನೆಗಳು ಒಂದೊಂದಾಗಿ ಕಳಚಿ ತಾರಸಿ ಮನೆಗಳು ಏಳುತ್ತಿವೆ. ತೊಲೆ, ಬಾಗಿಲು, ದಾರಂದಗಳಿಗೆ ಗಿರಾಕಿಗಳಿದ್ದಾರೆ. ಪಕ್ಕಾಸಿನ ತುದಿ, ಮುರಿದ ರೀಪು, ಕಿಟಕಿಯ ದಳಿ ಬಚ್ಚಲೊಲೆಗೆ ಹೋಗುತ್ತವೆ. ಅವುಗಳ ಹೆಸರುಗಳೂ ಜೊತೆಗೇ ಹೋಗುತ್ತವೆ. ಪಕ್ಕಾಸಿಗೆ ಮಲೆಯಾಳದಲ್ಲಿ ಕಳುಕ್ಕೋಲು, ರೀಪಿಗೆ ಪಟ್ಟಿಕ. ಉಳಿ ಮಾತ್ರ ಕನ್ನಡ, ತುಳು, ಮಲೆಯಾಳ, ತಮಿಳು ನಾಲ್ಕರಲ್ಲೂ ಉಳಿಯೇ. ಮಗು ಈ ಪದಗಳನ್ನು ಅಕ್ಕಪಕ್ಕದಲ್ಲಿ ಬರೆದಿಟ್ಟರೆ ಕನ್ನಡಕ್ಕೆ ನಷ್ಟವಿಲ್ಲ.

ಹಳೆಯ ಮರಕ್ಕೆ ಹೊಸ ಮರಕ್ಕಿಲ್ಲದ ಒಂದು ಗುಣವಿದೆ. ಹಸಿಮರ ಒಣಗುವಾಗ ಉದ್ದಕ್ಕಿಂತ ಅಡ್ಡಕ್ಕೆ ಬಹಳ ಹೆಚ್ಚು ಕುಗ್ಗುತ್ತದೆ; ಸೀಳು, ತಿರುಚು ಹುಟ್ಟುವುದು ಅದರಿಂದ. ಹತ್ತಾರು ಮಳೆಗಾಲಗಳನ್ನೂ ಬೇಸಗೆಗಳನ್ನೂ ಕಂಡ ಪಕ್ಕಾಸು ಕುಗ್ಗುವಷ್ಟು ಕುಗ್ಗಿ ಮುಗಿಸಿರುತ್ತದೆ. ಅದು ಹಲಸಿನದಾಗಿದ್ದರಂತೂ ಮಕ್ಕಳ ಭಾಗ್ಯ. ಹೊಗೆಯಿಂದ ಕಪ್ಪಾದ ಮೇಲ್ಮೈಯ ಮೇಲೆ ಕೀಸುಳಿ ನಾಲ್ಕು ಸಲ ಹರಿದರೆ ಅರಸಿನ ಬಣ್ಣದ ಚೇಗು ಹೊರಬರುತ್ತದೆ. ಬೆಳಕು ತಾಗಿದಂತೆ ಅದೇ ಚೇಗು ಮೆಲ್ಲನೆ ಕಂದುಬಣ್ಣಕ್ಕೆ ತಿರುಗುತ್ತದೆ. ಚೆಂಡೆಯ ಮೈಗೆ ಬಳಸುವುದೂ ಇದೇ ಹಲಸಿನ ಮರವನ್ನೆಂದು ಹೇಳಿದಾಗ, ಯಕ್ಷಗಾನ ಕಂಡ ಮಕ್ಕಳು ಆ ತುಂಡನ್ನು ಬೆರಳಿನಿಂದ ತಟ್ಟಿ ನೋಡದಿರಲಾರರು.

ದೀಪದ ರೂಪ ಸರಳವಾಗಿರಲಿ. ಹತ್ತು ಸೆಂಟಿಮೀಟರ್ ಚದರದ ಪಕ್ಕಾಸಿನ ತುಂಡು ಅಡಿಪಾಯ. ಅದರ ನಾಲ್ಕು ಮೂಲೆಗಳಲ್ಲಿ ಇಪ್ಪತ್ತೈದು ಸೆಂಟಿಮೀಟರ್ ಎತ್ತರದ ರೀಪಿನ ಕಡ್ಡಿಗಳು. ಅವುಗಳ ನಡುವೆ ಕಿಟಕಿಯ ದಳಿಯಂತೆ ಅಡ್ಡಪಟ್ಟಿಗಳು. ಒಳಬದಿಗೆ ಬಿಳಿ ಕಾಗದ. ಪಟ್ಟಿಗಳು ಕೂಡುವಲ್ಲಿ ಎರಡನ್ನೂ ಅರ್ಧರ್ಧ ದಪ್ಪಕ್ಕೆ ಕಡಿದು ಒಂದರೊಳಗೊಂದು ಕೂರಿಸಬೇಕು. ಮೂಲೆಮಟ್ಟವಿಟ್ಟು ಗೆರೆ ಎಳೆಯದಿದ್ದರೆ ಅದು ಕೂರುವುದಿಲ್ಲ. ‘ಮಟ್ಟ’ದ ಅರ್ಥ ಆಗ ಯಾರೂ ಹೇಳದೆಯೇ ತಿಳಿಯುತ್ತದೆ. ಈ ಜೋಡಣೆಗೆ ನಿಮ್ಮ ಊರಿನಲ್ಲಿ ಹೆಸರೇನೆಂದು ಹಿರಿಯ ಆಚಾರಿಯವರೊಬ್ಬರನ್ನು ಶಾಲೆಗೆ ಕರೆದು ಕೇಳಿ. ಅವರನ್ನು ಸಹಾಯಕರೆಂದಲ್ಲ, ಆ ದಿನದ ಅಧ್ಯಾಪಕರೆಂದೇ ಮಕ್ಕಳಿಗೆ ಪರಿಚಯಿಸಿ.

ಬೆಳಕಿಗೆ ಎಲ್‌ಇಡಿ ಸಾಕು. ಕಾಗದದ ಬಳಿ ಬಿಸಿಯಾಗುವ ಹಳೆಯ ಬಲ್ಬೂ ಬೇಡ, 230 ವೋಲ್ಟಿನ ಗೋಡೆಯ ಸಂಪರ್ಕವೂ ಬೇಡ. ಒಂದೂವರೆ ವೋಲ್ಟಿನ ಮೂರು ಸೆಲ್ಲುಗಳು ಸೇರಿ 4.5 ವೋಲ್ಟ್, ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಉಳಿದ 1.5 ವೋಲ್ಟನ್ನು 15 ಮಿಲಿ ಆಂಪಿಯರಿನಿಂದ ಭಾಗಿಸಿದರೆ 100 ಓಮ್. ಅಷ್ಟರ ರೋಧಕ ಹಾಕಬೇಕು. ಓಮನ ನಿಯಮವನ್ನು ಕರಿಹಲಗೆಯ ಮೇಲೆ ಇದಕ್ಕಿಂತ ಚೆನ್ನಾಗಿ ಕಲಿಸಲಾಗದು. ತಂತಿ ಹಾಯಲು ಬೈರಿಗೆಯಿಂದ ಒಂದು ತೂತು ಸಾಕು. ಬೆಸುಗೆಯನ್ನು ಅಧ್ಯಾಪಕರೇ ಹಾಕಲಿ, ಮಕ್ಕಳು ನೋಡಲಿ.

ಎಚ್ಚರಿಕೆಯ ಮಾತುಗಳು ಕೆಲವಿವೆ. ಹಳೆಯ ಮರದೊಳಗೆ ತಲೆ ಮುರಿದ ಮೊಳೆಗಳಿರುತ್ತವೆ. ಗರಗಸ ಇಡುವ ಮೊದಲು ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ಅದರ ಮೇಲೆ ನಿಧಾನವಾಗಿ ಆಡಿಸಬೇಕು. ಬಣ್ಣ ಬಳಿದ ಕಿಟಕಿ, ಬಾಗಿಲುಗಳ ತುಂಡುಗಳನ್ನು ಬಳಸಲೇಬೇಡಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90ನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿದರೆ ಆ ಧೂಳು ಮಕ್ಕಳ ಉಸಿರಿಗೆ ಸೇರೀತು. ಪೇಟೆಯ ಶಾಲೆಗಳಿಗೆ ಸರಕು ಸಾಗಾಟದ ಪ್ಯಾಲೆಟ್ ಸಿಗಬಹುದು. ಅದರ ಮುದ್ರೆಯಲ್ಲಿ ‘ಎಚ್‌ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಶಾಖದಿಂದ ಸಂಸ್ಕರಿಸಿದ ಮರ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದು ಬೇಡ. ಹೊಳಪಿಗೆ ಅಗಸೆ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆಗಟ್ಟಿ ಬಿಸಾಡದೆ ಹರಡಿ ಒಣಗಿಸಿ. ಮುದ್ದೆಯಾದ ಬಟ್ಟೆ ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು.

ಮೇಳದ ಬಹುಮಾನಕ್ಕೆಂದು ತಂದೆಯವರು ಮಾಡಿಕೊಟ್ಟ ನುಣುಪಾದ ದೀಪಕ್ಕಿಂತ ಮಗುವೇ ಮಾಡಿದ ತುಸು ವಾರೆಯಾದ ದೀಪವನ್ನು ನಾನು ಮೇಲೆಂದು ಎಣಿಸುತ್ತೇನೆ. ತೀರ್ಪುಗಾರರು ಒಪ್ಪದಿರಬಹುದು.

ದೀಪ ಮುಗಿದ ಮರುದಿನ ಪ್ರತಿ ಮಗುವೂ ಅರ್ಧ ಪುಟ ಬರೆಯಲಿ: ಮರ ಯಾವುದು, ಯಾವ ಮನೆಯ ಯಾವ ಭಾಗದ್ದು, ಕೈಗೆ ಎದುರಾದ ಗಂಟು ಎಲ್ಲಿತ್ತು, ಅದನ್ನು ಹೇಗೆ ದಾಟಿದೆ. ಅಜ್ಜ ಅಜ್ಜಿಯರನ್ನು ಕೇಳಿಯೇ ಬರೆಯಬೇಕೆಂದು ಹೇಳಿ. ಕಾಗುಣಿತವನ್ನು ತಿದ್ದಿ, ಆದರೆ ಮಗು ಮನೆಯಿಂದ ತಂದ ಪದಕ್ಕೆ ಕೆಂಪು ಗೆರೆ ಎಳೆಯಬೇಡಿ. ಆ ಪದಗಳನ್ನೆಲ್ಲ ಒಂದು ದಪ್ಪ ನೋಟುಪುಸ್ತಕದಲ್ಲಿ ವರ್ಷದಿಂದ ವರ್ಷಕ್ಕೆ ಕೂಡಿಸುತ್ತ ಬನ್ನಿ. ಮುಂದಿನ ಜೂನಿನಲ್ಲಿ ಬರುವ ಹೊಸ ಅಧ್ಯಾಪಕರಿಗೆ ಅದು ಕೈಗೆ ಸಿಗುವಂತೆ ಶಾಲೆಯ ಗ್ರಂಥಾಲಯದಲ್ಲೇ ಇರಲಿ.