ಗೃಹಿಣಿಯ ವೇಳೆಗೆ ಒಡೆಯರು ಯಾರು?

(ತಾಲ್ಲೂಕು ಕೇಂದ್ರವೊಂದರಲ್ಲಿ ಸೇರಿದ್ದ ಗೃಹಿಣಿಯರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ಸಭೆಯನ್ನು ಮಧ್ಯಾಹ್ನ ಎರಡೂವರೆಗೆ ಏಕೆ ಇಟ್ಟುಕೊಂಡಿರಿ ಎಂದು ಸಂಘಟಕರನ್ನು ಕೇಳಿದೆ. 'ಊಟದ ಪಾತ್ರೆ ತೊಳೆದಾದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮುಂಚೆ, ಅಷ್ಟೇ ಹೊತ್ತು ಸಿಗುವುದು ಮೇಡಂ' ಎಂದರು. ನಾಲ್ಕಕ್ಕೆ ನೀವೆಲ್ಲ ಇಲ್ಲಿಂದ ಹೊರಡಲೇಬೇಕು. ಆದ್ದರಿಂದ ಸುತ್ತುಬಳಸದೆ ವಿಷಯಕ್ಕೆ ಬರುತ್ತೇನೆ.

ಮನೆಯಲ್ಲಿರುವ ತಾಯಂದಿರು ತಮ್ಮ ಸಮಯವನ್ನು ಹೇಗೆ ಹೊಂದಿಸಿಕೊಳ್ಳಬೇಕು, ಸ್ವಂತ ಗುರಿಗಳನ್ನು ಹೇಗೆ ಸಾಧಿಸಬೇಕು ಎಂಬುದು ನನಗೆ ಕೊಟ್ಟ ವಿಷಯ. ಈ ಬಗ್ಗೆ ಸಿಗುವ ಉಪದೇಶಗಳಲ್ಲಿ ಮೊದಲನೆಯದು 'ಬೆಳಗ್ಗೆ ಒಂದು ಗಂಟೆ ಮುಂಚೆ ಏಳಿ' ಎಂಬುದು. ಐದಕ್ಕೆ ಏಳುವವಳು ನಾಲ್ಕಕ್ಕೆ ಏಳಬೇಕು. ನಾಲ್ಕಕ್ಕೆ ಏಳುವವಳು? ನಿದ್ದೆಯನ್ನು ಕದ್ದು ಗುರಿ ಸಾಧಿಸು ಎಂದು ನಾವು ಯಾವ ಗಂಡಸಿಗೂ ಹೇಳುವುದಿಲ್ಲ. ನಿಮಗೂ ಅದನ್ನು ಹೇಳಲು ನಾನು ಬಂದಿಲ್ಲ.

ನಾನು ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದವಳು. ರಾಷ್ಟ್ರೀಯ ವರಮಾನದ ಪಾಠದಲ್ಲಿ ಪಿಗೂ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನ ಮಾತೊಂದು ಬರುತ್ತದೆ. ಮನೆಗೆಲಸದವಳಿಗೆ ಸಂಬಳ ಕೊಡುತ್ತಿದ್ದವನು ಅವಳನ್ನೇ ಮದುವೆಯಾದರೆ ದೇಶದ ವರಮಾನ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದಂತೆ. ಕೆಲಸ ಅದೇ, ಕೈ ಅದೇ. ಸಂಬಳ ನಿಂತಿದ್ದರಿಂದ ಕೆಲಸವೇ ಇಲ್ಲವಾಯಿತು. ಪ್ರತಿ ವರ್ಷ ಇದನ್ನು ಹೇಳಿದಾಗ ತರಗತಿ ನಗುತ್ತಿತ್ತು, ನಾನೂ ನಗುತ್ತಿದ್ದೆ. ಆಗ ನನ್ನ ಇಬ್ಬರು ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದವರು ನನ್ನ ತಾಯಿ. ಅವರಿದ್ದುದರಿಂದ ನಾನು ಪಾಠ ಮಾಡಲು ಸಾಧ್ಯವಾಯಿತು. 1991ರ ಜನಗಣತಿಯವರು ಬಂದಾಗ ನನ್ನ ಹೆಸರಿನ ಮುಂದೆ ಉಪನ್ಯಾಸಕಿ ಎಂದು ಬರೆಸಿ, ಅವರ ಹೆಸರಿನ ಮುಂದೆ 'ಕೆಲಸವಿಲ್ಲ' ಎಂದು ಬರೆಸಿದವಳು ನಾನೇ. ಅಮ್ಮ ಒಳಗೆ ಮಗುವಿಗೆ ಅನ್ನ ಕಲಸುತ್ತಿದ್ದರು.

'ಕೆಲಸವಿಲ್ಲ' ಎಂಬ ಈ ಐದಕ್ಷರದ ಅಳತೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಇದನ್ನೇ ಮುಂದಿಡುತ್ತಾರೆ. 'ಹುಡುಗಿಗೆ ನೌಕರಿಯಿಲ್ಲ, ಜೀವಮಾನವಿಡೀ ನಮ್ಮ ಹುಡುಗ ಸಾಕಬೇಕಲ್ಲ' ಎನ್ನುತ್ತಾರೆ. ನೌಕರಿಯಿರುವ ಹುಡುಗಿಯಿಂದಲೂ ಕೇಳುತ್ತಾರೆ, ಅದು ಬೇರೆ ಮಾತು. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯಿದೆ ಬಂದರೂ ಕೇಳುವವರಿಗೆ ನಾಚಿಕೆಯಾಗದಿರುವುದಕ್ಕೆ ಒಂದು ಕಾರಣ, ಹೆಣ್ಣಿನ ದುಡಿಮೆ ಸೊನ್ನೆ ಎಂದು ನಾವೆಲ್ಲ ಒಪ್ಪಿಕೊಂಡು ಕೂತಿರುವುದು. ಸೊನ್ನೆ ಎಂದು ಒಪ್ಪಿದ ಮೇಲೆ ಅವಳು ತಿನ್ನುವ ಅನ್ನ ದಾನವಾಗುತ್ತದೆ, ಅವಳು ಕೇಳುವ ಒಂದು ಗಂಟೆ ಸೋಮಾರಿತನವಾಗುತ್ತದೆ.

ನಿಜವಾದ ಲೆಕ್ಕ ಏನು? ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಸುಮಾರು ಐದು ಗಂಟೆ ಅದಕ್ಕೆ ಕೊಡುತ್ತಾರೆ. ಗಂಡಸರಲ್ಲಿ ಈ ಕೆಲಸಕ್ಕೆ ಕೈಹಾಕುವವರೇ ನೂರಕ್ಕೆ 26 ಮಂದಿ, ಅವರೂ ಕೊಡುವುದು 97 ನಿಮಿಷ. ಈ ಲೆಕ್ಕದಲ್ಲಿ ಆರು ವರ್ಷ ಮೀರಿದ ಹುಡುಗಿಯರೂ ಸೇರಿದ್ದಾರೆ ಎಂಬುದನ್ನು ಗಮನಿಸಿ. ಮಕ್ಕಳ, ಮುದುಕರ, ರೋಗಿಗಳ ಆರೈಕೆಯ ಲೆಕ್ಕ ಪ್ರತ್ಯೇಕ.

ನ್ಯಾಯಾಲಯಗಳೂ ಈ ಲೆಕ್ಕ ಹಾಕಿವೆ. 1989ರಲ್ಲಿ ಜಮ್‌ಷೆಡ್‌ಪುರದ ಬೆಂಕಿ ಅನಾಹುತದಲ್ಲಿ ಸತ್ತ ಗೃಹಿಣಿಯರ ಸೇವೆಗೆ 2001ರಲ್ಲಿ ಸುಪ್ರೀಂ ಕೋರ್ಟು ತಿಂಗಳಿಗೆ ಮೂರು ಸಾವಿರ ರೂಪಾಯಿ ಎಂದು ಬೆಲೆ ಕಟ್ಟಿತು. ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿಗೆ ಸೇರಿಸಿದ್ದನ್ನು 2010ರಲ್ಲಿ ಅದೇ ನ್ಯಾಯಾಲಯ ಕಟುವಾಗಿ ಟೀಕಿಸಿತು. 2021ರಲ್ಲಿ ನಾನು ಈಗ ಹೇಳಿದ ಸಮೀಕ್ಷೆಯನ್ನೇ ಉಲ್ಲೇಖಿಸಿ, ಗೃಹಿಣಿಯ ದುಡಿಮೆಗೆ ಆದಾಯವನ್ನು ಅಂದಾಜು ಮಾಡಲೇಬೇಕು ಎಂದಿತು. ಇವೆಲ್ಲ ಒಳ್ಳೆಯ ತೀರ್ಪುಗಳೇ. ಆದರೆ ಇವು ಅಪಘಾತದ ಪರಿಹಾರದ ಮೊಕದ್ದಮೆಗಳು. ಹೆಣ್ಣು ಸತ್ತ ಮೇಲೆ ಅವಳ ವೇಳೆಗೆ ಬೆಲೆ ಬಂತು. ಬದುಕಿರುವಾಗ ಆ ಲೆಕ್ಕವನ್ನು ನಾವೇ ಹಾಕಬೇಕು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಎರಡನೆಯ ಬಿ.ಎ. ಮುಗಿಯುವ ಮುಂಚೆ ಮದುವೆಯಾಗಿ ಓದು ಬಿಟ್ಟವಳು. ಏನು ಮಾಡುತ್ತಿದ್ದೀಯಮ್ಮ ಎಂದರೆ 'ಏನೂ ಇಲ್ಲ ಮೇಡಂ, ಮನೆಯಲ್ಲೇ ಇದ್ದೀನಿ' ಎಂದಳು. ನಾನು ಅವಳಿಗೊಂದು ಕೆಲಸ ಕೊಟ್ಟೆ. ಏಳು ದಿನ, ಎದ್ದಾಗಿನಿಂದ ಮಲಗುವವರೆಗೆ, ಮಾಡಿದ್ದನ್ನೆಲ್ಲ ಮಗನ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯಬೇಕು. ಬರೆದು ತಂದಳು. ದಿನಕ್ಕೆ ಹದಿಮೂರು, ಹದಿನಾಲ್ಕು ಗಂಟೆ. ಅದರಲ್ಲಿ ಅವಳಿಗೇ ಆಶ್ಚರ್ಯ ತಂದದ್ದು ಕಾಯುವ ಕೆಲಸ. ನಲ್ಲಿಯಲ್ಲಿ ನೀರು ಬರುವುದಕ್ಕೆ, ಮಾವನ ಮಾತ್ರೆಯ ಹೊತ್ತಿಗೆ, ರಾತ್ರಿ ಗಂಡ ಊಟಕ್ಕೆ ಬರುವುದಕ್ಕೆ ಕಾಯುವುದೇ ಎರಡು ಗಂಟೆಯಾಗಿತ್ತು.

ಆಮೇಲೆ ಆ ಕೆಲಸಗಳನ್ನು ಮೂರು ಪಟ್ಟಿ ಮಾಡಿದೆವು. ಅವಳೇ ಮಾಡಬೇಕಾದದ್ದು, ಮನೆಯ ಬೇರೆಯವರು ಮಾಡಬಹುದಾದದ್ದು, ಯಾರೂ ಮಾಡದಿದ್ದರೂ ನಡೆಯುವಂಥದ್ದು. ಮೊದಲನೆಯ ಪಟ್ಟಿ ಬಹಳ ಚಿಕ್ಕದಿತ್ತು. ನೀವೂ ಮಾಡಿ ನೋಡಿ. ಬೀಸುಕಲ್ಲು ಹೋಗಿ ಮಿಕ್ಸಿ ಬಂತು, ಸೌದೆ ಹೋಗಿ ಗ್ಯಾಸ್ ಬಂತು. ಉಳಿದ ಹೊತ್ತು ಎಲ್ಲಿ ಹೋಯಿತು? ಮಗನಿಗೊಂದು ತಿಂಡಿ, ಗಂಡನಿಗೊಂದು ತಿಂಡಿ, ಅತ್ತೆಗೊಂದು ಪಥ್ಯ ಎಂದು ಹಂಚಿಹೋಯಿತು. ನಮ್ಮ ಅಜ್ಜಿಯರು ಬೀಸುತ್ತ ಪದವನ್ನಾದರೂ ಕಟ್ಟಿದರು, ಹಾಡಿದರು.

ಎರಡನೆಯ ಪಟ್ಟಿಯನ್ನು ಹಂಚುವಾಗ ಎರಡು ಎಚ್ಚರಿಕೆ. 'ನನಗೆ ಸಹಾಯ ಮಾಡಿ' ಎಂದು ಕೇಳಬೇಡಿ. ಸಹಾಯ ಎಂದ ಕೂಡಲೇ ಕೆಲಸ ನಿಮ್ಮದೇ ಎಂದು ಒಪ್ಪಿದಂತಾಗುತ್ತದೆ. 'ಇದು ನಿನ್ನ ಪಾಲು' ಎನ್ನಿ. ಮತ್ತೆ, ನಿಮ್ಮ ಹೊರೆಯನ್ನು ಮಗಳ ತಲೆಗೆ ದಾಟಿಸಬೇಡಿ. ಹತ್ತು ವರ್ಷದ ಹುಡುಗ ತನ್ನ ತಟ್ಟೆ ತೊಳೆಯಬಲ್ಲ, ಹಾಸಿಗೆ ಮಡಿಸಬಲ್ಲ. ನಾಳೆ ಅವನ ಮನೆಗೆ ಬರುವ ಹುಡುಗಿಗೆ ನೀವು ಮಾಡುವ ಉಪಕಾರವೂ ಅದೇ.

ಹೀಗೆ ಬಿಡಿಸಿಕೊಂಡ ವೇಳೆಯಲ್ಲಿ ಒಂದು ಗಂಟೆಯನ್ನು ನಿಗದಿ ಮಾಡಿ, ಮನೆಯವರೆಲ್ಲರ ಎದುರಿಗೆ ಹೇಳಿ. ಬಚ್ಚಿಟ್ಟುಕೊಂಡ ಗಂಟೆಯನ್ನು ಯಾರು ಬೇಕಾದರೂ ಕಸಿಯುತ್ತಾರೆ. ಸಾಧ್ಯವಾದರೆ ಹೊಸ್ತಿಲು ದಾಟಿ, ಗ್ರಂಥಾಲಯಕ್ಕೋ, ಹೊಲಿಗೆ ತರಗತಿಗೋ, ಸಂಘಕ್ಕೋ ಹೋಗಿ. ನನ್ನ ವಿದ್ಯಾರ್ಥಿನಿ ಸಂಜೆ ನಾಲ್ಕರಿಂದ ಐದು ಗ್ರಂಥಾಲಯ ಎಂದಳು. ಚಹಾದ ಹೊತ್ತು ಅದು. ಅತ್ತೆ ಮೂರು ವಾರ ಮಾತು ಬಿಟ್ಟರು. ನಾಲ್ಕನೆಯ ವಾರ ಹನ್ನೊಂದು ವರ್ಷದ ಮಗ ಚಹಾ ಮಾಡಿದ. ಕಹಿಯಾಗಿತ್ತಂತೆ, ಆದರೂ ಎಲ್ಲರೂ ಕುಡಿದರಂತೆ. ಅವಳು ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದಳು.

ಗುರಿ ಪದವಿಯೇ ಆಗಬೇಕೆಂದಿಲ್ಲ. ಓದು ಬಿಟ್ಟವರಿಗೆ ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಬಹುದು. ಬಿಟ್ಟ ಸಂಗೀತವನ್ನು ಮತ್ತೆ ಕಲಿಯಬಹುದು. ಏನನ್ನೇ ಆರಿಸಿಕೊಂಡರೂ ಮೂರು ವಸ್ತುಗಳು ನಿಮ್ಮ ಕೈಯಲ್ಲಿರಲಿ: ನಿಮ್ಮ ಅಂಕಪಟ್ಟಿಗಳು, ಗುರುತಿನ ಚೀಟಿಗಳು, ಬ್ಯಾಂಕಿನ ಪುಸ್ತಕ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಎಂದರು. ಖಾತೆ ನಿಮ್ಮದು, ಎ.ಟಿ.ಎಂ. ಕಾರ್ಡು ಯಾರ ಜೇಬಿನಲ್ಲಿದೆ? ಅದೇ ವರ್ಷದ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು. ಟಿಕೆಟ್ಟಿನ ಹಣ ಉಳಿಯಿತು. ಹೊರಡುವ ಹೊತ್ತನ್ನು ಯಾವ ಸರ್ಕಾರವೂ ಕೊಡಲಾರದು, ಅದನ್ನು ಮನೆಯೊಳಗೇ ಕೇಳಿ ಪಡೆಯಬೇಕು.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಪರಿಚಯದ ಹೆಣ್ಣುಮಗಳೊಬ್ಬಳು, ಟೈಲರಿಂಗ್ ಕಲಿಯಲು ಹೋದರೆ ಗಂಡ ರೇಗುತ್ತಾನೆ ಎಂದಳು. 'ಅವರು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಹೋಗಮ್ಮ, ಅಡುಗೆ ಬೇಗ ಮುಗಿಸಿಕೋ' ಎಂದೆ. ಬುದ್ಧಿವಾದ ಹೇಳಿದೆನೆಂದು ತಿಳಿದಿದ್ದೆ. ತಿಂಗಳ ನಂತರ ತೋಳಿನ ಮೇಲೆ ಸುಟ್ಟ ಗಾಯದೊಡನೆ ಬಂದಳು. ಅಂದು ಅವಳು ಹನ್ನೆರಡು ನಿಮಿಷ ತಡವಾಗಿ ಮನೆಗೆ ಹೋಗಿದ್ದಳು. ಹೊಂದಿಸಿಕೊಳ್ಳಬೇಕಾದ ವೇಳೆಯ ಸಮಸ್ಯೆ ಅವಳಿಗಿರಲಿಲ್ಲ. ಅವಳ ನಿಮಿಷ ನಿಮಿಷವನ್ನೂ ಇನ್ನೊಬ್ಬ ಕಾವಲು ಕಾಯುತ್ತಿದ್ದ, ಅದನ್ನು ನಾನು ಗುರುತಿಸಲಿಲ್ಲ.

ಆದ್ದರಿಂದ ನೀವು ಗುರುತಿಸಿ. ಒಂದು ಗಂಟೆ ಕೇಳಿದಾಗ ಗೊಣಗಾಟ ಬಂದರೆ ಅದು ಮನೆಮನೆಯ ಕಥೆ, ಹಟ ಹಿಡಿಯಬಹುದು. ಹೊಡೆತ ಬಂದರೆ, ಬೀಗ ಬಿದ್ದರೆ, ಫೋನು ಕಿತ್ತುಕೊಂಡರೆ, 'ತವರಿನಿಂದ ತಂದದ್ದು ಸಾಲದು, ಮೇಲೆ ನಿನಗೆ ತರಗತಿ ಬೇರೆ' ಎಂಬ ಮಾತು ಬಂದರೆ ಅದು ಹಿಂಸೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮಾತಿನ, ಮಾನಸಿಕ, ಆರ್ಥಿಕ ಹಿಂಸೆಯನ್ನೂ ಅದು ಹಿಂಸೆ ಎಂದೇ ಕರೆಯುತ್ತದೆ. ಅದರ ನಿಯಮಗಳ ವರದಿ ನಮೂನೆಯಲ್ಲಿ, ಓದಲು ಬಿಡದಿರುವುದು, ನೌಕರಿಗೆ ಸೇರದಂತೆ ತಡೆಯುವುದು, ಮನೆಯಿಂದ ಹೊರಗೆ ಹೋಗದಂತೆ ತಡೆಯುವುದು ಎಂದು ಬಿಡಿಬಿಡಿಯಾಗಿ ಬರೆದಿದೆ. ಮನೆ ನಿಮ್ಮ ಹೆಸರಿನಲ್ಲಿಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ನಿಮಗಿದೆ. ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, 181ಕ್ಕೆ ಫೋನು ಮಾಡಬಹುದು. ಕಾನೂನು ಸೇವಾ ಪ್ರಾಧಿಕಾರದಲ್ಲಿ ವರಮಾನ ಎಷ್ಟೇ ಇದ್ದರೂ ಹೆಣ್ಣಿಗೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಆ ಹೆಣ್ಣುಮಗಳು ಈಗ ಮಗುವಿನೊಡನೆ ಬೇರೆ ಇದ್ದಾಳೆ, ಹೊಲಿಗೆಯಿಂದಲೇ ಬದುಕುತ್ತಿದ್ದಾಳೆ. ಆದರೆ ಆ ಗಾಯಕ್ಕೆ ಮುಂಚೆಯೇ ನಾನು ಅವಳಿಗೆ ಇದನ್ನೆಲ್ಲ ಹೇಳಬಹುದಿತ್ತು.

ಗಡಿಯಾರ ಮೂರೂ ಐವತ್ತು ತೋರಿಸುತ್ತಿದೆ, ಬಾಗಿಲ ಬಳಿಯವರು ಚಪ್ಪಲಿ ಹುಡುಕುತ್ತಿದ್ದೀರಿ. ಮುಂದಿನ ಸಭೆಗೆ ಬರುವಾಗ ಏಳು ದಿನದ ಲೆಕ್ಕ ಬರೆದು ತನ್ನಿ. ಓದು ಬಾರದವರ ಲೆಕ್ಕವನ್ನು ಪಕ್ಕದವರು ಬರೆದುಕೊಡಿ. ಮೊದಲ ಪುಟದಲ್ಲಿ ಇವತ್ತಿನ ಎರಡೂವರೆಯಿಂದ ನಾಲ್ಕು ಗಂಟೆಯವರೆಗಿನ ಹೊತ್ತನ್ನು ನಿಮ್ಮ ಹೆಸರಿಗೇ ಬರೆದುಕೊಳ್ಳಿ.